ನಾಲೆ ನಿಂತ ದಿನದ ಮೀನುಗಳು

ಇಲ್ಲಿ ಬರೆದು ತುಂಬಾ ದಿನಗಳಾದವು. ಆಫೀಸಿನಲ್ಲಿ ಒಂದು ರಿಲೀಸ್ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ರಿಲೀಸ್. ನಮ್ಮೂರಿನ ಕಡೆ ರಿಲೀಸ್ ಅಂದರೆ ಕಟ್ಟೆಯಿಂದ ನೀರು ಬಿಡುವುದು, ಅದಾದರೂ ವರ್ಷಕ್ಕೆ ಕೆಲವು ಸಲ ಮಾತ್ರ :-) ಇರಲಿ. ಇವತ್ತು ಬರೆಯಲು ಹೊರಟಿರುವುದೂ ಆ ನೀರಿನ ವಿಷಯವೇ. ಎರಡು ವರ್ಷಕ್ಕೂ ಮೇಲಾಯಿತು, ಬರೀಬೇಕು ಬರೀಬೇಕು ಅಂದುಕೊಂಡು ಮುಂದೂಡುತ್ತಲೇ ಬಂದಿದ್ದೆ. ಕಾರಣ ಇಷ್ಟೇ, ಬರೆದರೆ ಅಪ್ಪನಿಗೆ ಬೇಜಾರಾಗುತ್ತೇನೋ ಅಂತ.

ನಮ್ಮೂರು ಪಾಂಡವಪುರದ ಕಡೆ. ವಿಶ್ವೇಶ್ವರಯ್ಯ ನಾಲೆಯ ಬಯಲು. ವಿ.ಸಿ. ನಾಲೆ ಅಂದರೆ ಮಂಡ್ಯ ಕಡೆಯವರಿಗೆ ಬೇರೆ ಪರಿಚಯ ಬೇಕಿಲ್ಲ. ಚಿಕ್ಕವನಿದ್ದಾಗ ನನಗೆ ಯುಗಾದಿ, ದೀಪಾವಳಿಗಿಂತ ಖುಷಿ ಕೊಡುತ್ತಿದ್ದ ಇನ್ನೊಂದು ಹಬ್ಬ ಇತ್ತು. ನಾಲೆ ನಿಲ್ಲಿಸುವ ದಿನ!

ನಾಲೆಗೆ ನೀರು ಬಿಡುವುದನ್ನು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ನೀರು ಇಳಿಯುತ್ತಾ ಇಳಿಯುತ್ತಾ ಕೊನೆಗೆ ತೂಬಿನ ಹತ್ತಿರ, ಸೇತುವೆ ಕೆಳಗೆ, ತಿರುವುಗಳಲ್ಲಿ ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ಉಳಿಯುತ್ತದೆ. ಆ ಗುಂಡಿಗಳ ತುಂಬಾ ಮೀನು. ಅಂಗೈ ಅಗಲದವು, ಬೆರಳುದ್ದದವು, ಕೆಲವೊಮ್ಮೆ ಮೊಳದುದ್ದದವು. ನಾವು ಹುಡುಗರು ಸ್ಕೂಲಿಗೆ ಚಕ್ಕರ್ ಹಾಕಿ ಟವೆಲ್ಲು, ಹಳೇ ಪಂಚೆ, ಅವ್ವನ ಅನ್ನ ಬಸಿಯುವ ತಟ್ಟೆ ಎಲ್ಲಾ ಎತ್ತಿಕೊಂಡು ಓಡುತ್ತಿದ್ದೆವು. ಬಲೆ ಬೇಕಿರಲಿಲ್ಲ. ಕೆಸರು ಕದಡಿದರೆ ಮೀನು ತಾನಾಗಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಬಕೆಟ್ ತುಂಬಿಸಿಕೊಂಡು ಮನೆಗೆ ಬಂದರೆ ಅವ್ವ ಮೊದಲು ಬೈದು ಆಮೇಲೆ ಮಸಾಲೆ ರುಬ್ಬುತ್ತಿದ್ದಳು. ಆ ದಿನ ಊರಿಗೆ ಊರೇ ಮೀನಿನ ಸಾರಿನ ವಾಸನೆ.

ತಾತ ಮಾತ್ರ ಆ ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ. ಬಕೆಟ್ ಒಳಗೆ ಕೈ ಹಾಕಿ ಒಂದೊಂದೇ ಮೀನು ಎತ್ತಿ ನೋಡಿ, "ಇವು ಒಳೆ ಮಕ್ಕಳು ಕಣ್ಲಾ. ದಾರಿ ತಪ್ಪಿ ಬಂದವೆ" ಅನ್ನುತ್ತಿದ್ದ. ವಯಸ್ಸಾದವರು ಏನೋ ಹೇಳುತ್ತಾರೆ ಅಂತ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ತಾತ ಹುಟ್ಟಿದ್ದು ಶ್ರೀರಂಗಪಟ್ಟಣದಿಂದ ಕೆಳಗೆ, ಕಾವೇರಿ ದಂಡೆಯ ಊರಲ್ಲಿ. ನಾವು ಬೆಸ್ತರು. ಮುತ್ತಾತನ ಕಾಲದವರೆಗೂ ಹರಿಗೋಲು, ಬೀಸುಬಲೆ, ಗಾಳ ಇದೇ ನಮ್ಮ ಬದುಕು. ತಾತ ಮೂವತ್ತೈದು ವರ್ಷದವರೆಗೂ ಹೊಳೆಯಲ್ಲೇ ಇದ್ದ. ಆಮೇಲೆ ಹೊಳೆಯಲ್ಲಿ ಹೊಟ್ಟೆ ತುಂಬುವುದಿಲ್ಲ ಅಂತಾದಾಗ ಅಜ್ಜಿಯ ತವರಿಗೆ ಬಂದು, ಕೂಲಿ ಮಾಡಿ, ಗುತ್ತಿಗೆಗೆ ಗೇಯ್ದು, ನಾಲೆ ಬಯಲಲ್ಲಿ ಒಂದೂವರೆ ಎಕರೆ ಮಾಡಿಕೊಂಡ. ಅದನ್ನು ಅಪ್ಪ ಮೂರು ಎಕರೆ ಮಾಡಿದ. ಭತ್ತ, ಕಬ್ಬು. ಆ ಕಬ್ಬಿನ ದುಡ್ಡಲ್ಲಿ ನಾನು ಇಂಜಿನಿಯರಿಂಗ್ ಮಾಡಿದೆ. ತಾತನ ಬಲೆ ಇವತ್ತಿಗೂ ನಮ್ಮ ಮನೆ ಅಟ್ಟದ ಮೇಲಿದೆ. ಬಲೆ, ನೇಗಿಲು, ಲ್ಯಾಪ್‌ಟಾಪ್ - ಮೂರು ತಲೆಮಾರಿನ ಕಥೆ ಮೂರೇ ಪದದಲ್ಲಿ ಮುಗಿಯುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮುಂದೆ ನಾನು ಬರೆಯುವುದನ್ನು ಓದಿ "ಬೆಂಗಳೂರಲ್ಲಿ ಎ.ಸಿ. ಕೆಳಗೆ ಕೂತು ರೈತರ ನೀರಿನ ಬಗ್ಗೆ ಮಾತಾಡ್ತಾನೆ" ಅಂತ ಯಾರಾದರೂ ಅಂದಾರು. ನಾನು ನಾಲೆ ನೀರಿನ ಅನ್ನ ಉಂಡೇ ಬೆಳೆದವನು. ಅದನ್ನು ಮರೆತು ಬರೆಯುತ್ತಿಲ್ಲ.

ಸೆಪ್ಟೆಂಬರ್ 2023. ಕಂಪನಿ ಕೆಲಸದ ಮೇಲೆ ನಾಲ್ಕು ತಿಂಗಳು ಅಮೆರಿಕಾದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೆ. ಒಂದು ಶನಿವಾರ ಸಹೋದ್ಯೋಗಿಯೊಬ್ಬ "ಬಾ, ಮೀನು ಹತ್ತೋದನ್ನ ತೋರಿಸ್ತೀನಿ" ಅಂತ ಕಾರಿನಲ್ಲಿ ಕೂರಿಸಿಕೊಂಡು ಹೋದ. ಸುಮಾರು 65 ಕಿಲೋಮೀಟರ್ ದೂರದಲ್ಲಿ, ಕೊಲಂಬಿಯಾ ನದಿಗೆ ಅಡ್ಡವಾಗಿ ಕಟ್ಟಿದ ಬಾನೆವಿಲ್ ಅಣೆಕಟ್ಟು. 1938ರಲ್ಲಿ ಮುಗಿದದ್ದು. ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟು. ಅದರ ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಒಂದು ಕಾಲುವೆ. ಮೀನಿಗೆ ಏಣಿ! ಸಮುದ್ರದಿಂದ ಬಂದ ಸಾಲ್ಮನ್ ಮೀನುಗಳು ಒಂದೊಂದೇ ಮೆಟ್ಟಿಲು ಏರಿ ಅಣೆಕಟ್ಟಿನ ಮೇಲಿನ ನದಿಗೆ ಹೋಗಿ, ತಾವು ಹುಟ್ಟಿದ ಹಳ್ಳಗಳನ್ನು ಸೇರಿ ಮೊಟ್ಟೆ ಇಡುತ್ತವೆ.

ಕೆಳಗೆ ಒಂದು ಗಾಜಿನ ಕಿಟಕಿ. ಅದರಾಚೆ ಮೀನುಗಳು ನೀರಿನ ಎದುರು ಈಜುತ್ತಾ ಹೋಗುತ್ತಿದ್ದವು. ನನ್ನನ್ನು ನಿಲ್ಲಿಸಿದ್ದು ಮೀನಿಗಿಂತ ಹೆಚ್ಚಾಗಿ ಇನ್ನೊಂದು ವಿಷಯ. ಅಲ್ಲಿ ಮೀನು ಎಣಿಸುವುದೇ ಕೆಲಸವಾಗಿರುವ ಜನ ಇದ್ದಾರೆ. ಯಾವ ಜಾತಿಯದು ಎಷ್ಟು ಹೋಯಿತು ಅಂತ ಎಣಿಸಿ ಪ್ರತಿದಿನದ ಲೆಕ್ಕವನ್ನು ಪ್ರಕಟಿಸುತ್ತಾರೆ. 1938ರಿಂದ ಈ ಲೆಕ್ಕ ಇದೆ. ನಮ್ಮ ಪೇಪರಿನಲ್ಲಿ "ಇಂದಿನ ಜಲಾಶಯದ ಮಟ್ಟ" ಅಂತ ಬರುತ್ತಲ್ಲ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್... ಹಾಗೆ ಅಲ್ಲಿ ಮೀನಿನ ಒಳಹರಿವು!

ರೂಮಿಗೆ ಬಂದವನೇ ಅಪ್ಪನಿಗೆ ಫೋನ್ ಮಾಡಿದೆ. ಇಲ್ಲಿ ಶನಿವಾರ ರಾತ್ರಿ, ಅಲ್ಲಿ ಭಾನುವಾರ ಬೆಳಿಗ್ಗೆ. ಉತ್ಸಾಹದಲ್ಲಿ ಮೀನಿನ ಏಣಿ ಬಗ್ಗೆ ಎಲ್ಲಾ ಹೇಳಿ, ಕೊನೆಗೆ, "ನಮ್ ಕನ್ನಂಬಾಡಿ ಕಟ್ಟೇಲಿ ಇಂಥದ್ದೇನೂ ಇಲ್ಲ ನೋಡಪ್ಪ. ಹೊಳೆಗೂ ಸ್ವಲ್ಪ ನೀರು, ದಾರಿ ಅಂತ ಬೇಕಲ್ವಾ" ಅಂದೆ.

ಆ ವರ್ಷ ಏನಾಗಿತ್ತು ಅಂತ ನೆನಪಿರಬಹುದು. ಮುಂಗಾರು ಕೈ ಕೊಟ್ಟಿತ್ತು. 124.80 ಅಡಿಯ ಕಟ್ಟೆಯಲ್ಲಿ ನೀರು ನೂರು ಅಡಿಗಿಂತ ಕೆಳಗಿತ್ತು. ತಮಿಳುನಾಡಿಗೆ ನೀರು ಬಿಡಿ ಅಂತ ಆದೇಶ, ಮಂಡ್ಯದಲ್ಲಿ ಧರಣಿ, ಬಂದ್. ಅಪ್ಪ ಮಂಡ್ಯಕ್ಕೆ ಹೋಗಿ, ದಿನವಿಡೀ ರಸ್ತೆಯಲ್ಲಿ ಕೂತು, ಹಿಂದಿನ ರಾತ್ರಿಯಷ್ಟೇ ಮನೆಗೆ ಬಂದಿದ್ದ. ನಾಟಿ ಮಾಡಿದ ಪೈರು ಒಣಗುತ್ತಿತ್ತು.

ಸ್ವಲ್ಪ ಹೊತ್ತು ಅಪ್ಪ ಮಾತಾಡಲಿಲ್ಲ. ಆಮೇಲೆ, "ನಿನ್ ಫೀಸ್ ಕಟ್ಟಿದ್ದು ಮೀನಲ್ಲ ಕಣಪ್ಪ, ಕಬ್ಬು. ಅಲ್ಲಿ ಕೂತ್ಕಂಡು ಒಳೆಗೆ ನೀರು ಬುಡಿ ಅಂತ ನನಗೇಳ್ತಿದ್ದೀಯಾ? ಮಡಗು ಫೋನು" ಅಂದ.

ಮಡಗಿದೆ. ಮೂರು ವಾರ ನನ್ನ ಹತ್ತಿರ ಅಪ್ಪ ಮಾತಾಡಲಿಲ್ಲ. ಫೋನ್ ಮಾಡಿದರೆ "ಇಗೋ, ನಿಮ್ಮವ್ವುಂಗೆ ಕೊಡ್ತೀನಿ".

ಅಪ್ಪನ ಮಾತು ಸರಿ ಅಂತ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಬರಗಾಲದ ವರ್ಷ ಆ ಮಾತು ಹೇಳಬಾರದಿತ್ತು. ಆದರೆ ನನ್ನ ಮಾತು ಪೂರ್ತಿ ತಪ್ಪೇ? ಆ ಮೂರು ವಾರ ಕೆಲಸ ಮುಗಿದ ಮೇಲೆ ಇದನ್ನೇ ಓದುತ್ತಾ ಕೂತೆ.

ಮೊದಲು ತಿಳಿದಿದ್ದು, ಅಮೆರಿಕಾದ ಏಣಿಯೂ ಪೂರ್ತಿ ಕಥೆಯಲ್ಲ ಅಂತ. ಅದೇ ಕೊಲಂಬಿಯಾ ನದಿಯ ಮೇಲ್ಭಾಗದಲ್ಲಿ ಗ್ರಾಂಡ್ ಕೂಲಿ ಅಂತ ಇನ್ನೊಂದು ಅಣೆಕಟ್ಟಿದೆ. 1942ರಲ್ಲಿ ಮುಗಿದದ್ದು, 550 ಅಡಿ ಎತ್ತರ. ಆರು ಲಕ್ಷ ಎಕರೆಗೂ ಹೆಚ್ಚು ಜಮೀನಿಗೆ ನೀರು ಕೊಡುವ ಯೋಜನೆಯ ಮೂಲ ಅದು. ಅದಕ್ಕೆ ಏಣಿ ಇಲ್ಲ. ಅದನ್ನು ಕಟ್ಟಿದ ಮೇಲೆ ಸಾವಿರಾರು ವರ್ಷದಿಂದ ಮೇಲಕ್ಕೆ ಬರುತ್ತಿದ್ದ ಸಾಲ್ಮನ್ ಅಲ್ಲಿಗೇ ನಿಂತುಹೋಯಿತು. ಇನ್ನು ಸೆಲಿಲೊ ಅಂತ ಒಂದು ಜಲಪಾತ, ಅಲ್ಲಿನ ಮೂಲನಿವಾಸಿಗಳು ತಲತಲಾಂತರದಿಂದ ಮೀನು ಹಿಡಿಯುತ್ತಿದ್ದ ಜಾಗ. 1957ರಲ್ಲಿ ಡ್ಯಾಲಸ್ ಅಣೆಕಟ್ಟಿನ ಹಿನ್ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಮುಳುಗಿತು. ಅದನ್ನು ಓದುವಾಗ ನಮ್ಮ ಅಟ್ಟದ ಮೇಲಿನ ಬಲೆ ನೆನಪಾಯಿತು.

ಹಾಗಾದರೆ ನಮ್ಮ ಕಾವೇರಿಗೆ ಏನಾಯಿತು?

ಕಾವೇರಿಗೆ ಅಡ್ಡ ಕಟ್ಟುವುದು ಹೊಸದೇನಲ್ಲ. ತಲಕಾಡಿನ ಹತ್ತಿರದ ಮಾಧವಮಂತ್ರಿ ಅಣೆ ವಿಜಯನಗರದ ಕಾಲದ್ದು. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು. ನಾವೆಲ್ಲ ಪಿಕ್‌ನಿಕ್ ಹೋಗುವ ರಂಗನತಿಟ್ಟಿನ ದ್ವೀಪಗಳೂ ಆ ಕಾಲದ ಒಂದು ಕಟ್ಟೆಯಿಂದಲೇ ಆದವು. 1940ರಲ್ಲಿ ಸಲೀಂ ಅಲಿಯವರ ಮಾತಿನ ಮೇಲೆ ಅದು ಪಕ್ಷಿಧಾಮವಾಯಿತು. ಅಂದರೆ ಹೊಳೆಗೆ ಕಲ್ಲು ಅಡ್ಡ ಇಟ್ಟ ಮಾತ್ರಕ್ಕೆ ಎಲ್ಲಾ ಹಾಳಾಗುವುದಿಲ್ಲ. ಆ ಹಳೇ ಅಣೆಗಳು ಕುಳ್ಳಗಿನವು. ಹೊಳೆ ತುಂಬಿ ಬಂದರೆ ನೀರು ಅವುಗಳ ಮೇಲೇ ಹರಿಯುತ್ತಿತ್ತು. ಹೊಸ ನೀರಿಗೆ ಮೇಲಕ್ಕೆ ಹೊರಡುವ ಮೀನಿಗೆ ಆ ಹೊತ್ತಿಗೆ ಬಾಗಿಲು ತೆರೆದೇ ಇರುತ್ತಿತ್ತು.

ಕನ್ನಂಬಾಡಿ ಕಟ್ಟೆ ಹಾಗಲ್ಲ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ, 130 ಅಡಿ ಎತ್ತರದ ಗೋಡೆ. ಶಿವನಸಮುದ್ರದಲ್ಲಿ 1902ರಿಂದ ನಡೆಯುತ್ತಿದ್ದ ವಿದ್ಯುತ್ ಕೇಂದ್ರಕ್ಕೆ ವರ್ಷವಿಡೀ ನೀರು ಕೊಡುವುದು, ಮಂಡ್ಯದ ಒಣಭೂಮಿಗೆ ನೀರು ಹರಿಸುವುದು ಎರಡೂ ಅದರಿಂದ ಆಯಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ವಿಶ್ವೇಶ್ವರಯ್ಯನವರ ಫೋಟೋ ನಮ್ಮ ಮನೆ ಗೋಡೆ ಮೇಲೂ ಇದೆ, ದೇವರ ಪಟದ ಪಕ್ಕದಲ್ಲೇ. ಅದನ್ನು ತೆಗೆಯುವ ಯೋಚನೆ ನನಗಿಲ್ಲ. ಆಮೇಲೆ ಕಬಿನಿ 1974ರಲ್ಲಿ, ಹೇಮಾವತಿ 1979ರಲ್ಲಿ, ಹಾರಂಗಿ 1982ರಲ್ಲಿ. ಕೆಳಗೆ ತಮಿಳುನಾಡಿನ ಮೆಟ್ಟೂರು 1934ರಲ್ಲೇ ಆಗಿತ್ತು. ಸಮುದ್ರದಿಂದ ಕಾವೇರಿ ಹತ್ತುತ್ತಿದ್ದ ಹಿಲ್ಸಾ ಮೀನಿಗೆ ಮೆಟ್ಟೂರೇ ದಾರಿಯ ಕೊನೆಯಾಯಿತು.

ಅಣೆಕಟ್ಟು ಮೀನಿಗೆ ಏನು ಮಾಡುತ್ತೆ ಅನ್ನುವುದನ್ನು ನನಗೆ ಅರ್ಥವಾದ ಹಾಗೆ ಹೇಳ್ತೀನಿ.

ಒಂದು, ದಾರಿ ಮುಚ್ಚುತ್ತೆ. ಇದು ಎಲ್ಲರಿಗೂ ಕಾಣುವಂಥದ್ದು.

ಎರಡು, ಗಡಿಯಾರ ಕೆಡಿಸುತ್ತೆ. ಮೀನಿಗೆ ಕ್ಯಾಲೆಂಡರ್ ಇಲ್ಲ. ಮುಂಗಾರಿನ ಮೊದಲ ಕೆಂಪು ನೀರು, ಅದರ ರಭಸ, ಅದರ ತಂಪು, ಇವೇ ಅದಕ್ಕೆ ಪಂಚಾಂಗ. ಆ ಮೊದಲ ನೀರನ್ನು ಕಟ್ಟೆ ಹಿಡಿದಿಟ್ಟುಕೊಳ್ಳುತ್ತೆ, ತುಂಬಬೇಕಲ್ಲ! ಜೂನ್‌ನಲ್ಲಿ ಬರಬೇಕಾದ ಪ್ರವಾಹ ಕೆಳಗಿನ ಹೊಳೆಗೆ ಯಾವಾಗಲೋ ಬರುತ್ತೆ, ಮಳೆ ಕಡಿಮೆಯಾದ ವರ್ಷ ಬರುವುದೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಒಂದು ಸಿಗ್ನಲ್‌ಗಾಗಿ ಕಾಯುತ್ತಾ ಕೂತ ಪ್ರೋಗ್ರಾಮಿಗೆ ಆ ಸಿಗ್ನಲ್ ಬರುವುದೇ ಇಲ್ಲ.

ಮೂರು, ಹೊಳೆಯ ತಳ ಬದಲಾಗುತ್ತೆ. ಹೊಳೆ ಅಂದರೆ ನೀರು ಮಾತ್ರ ಅಲ್ಲ. ಮರಳು, ಜಲ್ಲಿ, ಗೋಡು ಎಲ್ಲಾ ಜೊತೆಗೆ ಬರುತ್ತೆ. ಅದೆಲ್ಲ ಕಟ್ಟೆಯ ಹಿಂದೆ ಕೂತುಬಿಟ್ಟರೆ ಕೆಳಗೆ ಬರುವುದು ಬರೀ ನೀರು. ಜಲ್ಲಿಕಲ್ಲಿನ ಮೇಲೆ ಹರಿಯುವ ತಿಳಿನೀರಲ್ಲಿ ಮೊಟ್ಟೆ ಇಡುವ ಬಿಳಿಮೀನಿನಂಥವಕ್ಕೆ ಬಾಣಂತಿ ಕೋಣೆಯೇ ಇಲ್ಲದ ಹಾಗೆ. ಇದರ ಮೇಲೆ ಮರಳು ತೆಗೆಯುವವರು ಉಳಿದದ್ದನ್ನೂ ಬಾಚಿದರು. ಅದಕ್ಕೆ ಕಟ್ಟೆಯನ್ನು ಬೈದು ಪ್ರಯೋಜನವಿಲ್ಲ, ಅದು ನಮ್ಮದೇ ಕೆಲಸ.

ನಾಲ್ಕು, ಹರಿಯುವ ನೀರು ನಿಂತ ನೀರಾಗುತ್ತೆ. ಹಿನ್ನೀರಲ್ಲಿ ಮೀನು ಇಲ್ಲ ಅಂತಲ್ಲ, ಬೇಕಾದಷ್ಟಿವೆ. ಆದರೆ ಅವು ಬಿತ್ತನೆ ಮಾಡಿದ ಕಾಟ್ಲಾ, ರೋಹು. ಜೊತೆಗೆ 1952ರಲ್ಲಿ ನಮ್ಮ ದೇಶಕ್ಕೆ ತಂದು, ಈಗ ಎಲ್ಲೆಂದರಲ್ಲಿ ಸಿಗುವ ಜಿಲೇಬಿ. ಹರಿವನ್ನೇ ನಂಬಿದ ಮೀನುಗಳು ಹಿಂದೆ ಸರಿಯುತ್ತವೆ.

ಐದನೆಯದು ನನ್ನನ್ನು ನಿದ್ದೆಗೆಡಿಸಿದ್ದು. ನಾಲೆ ಹೊಳೆಯಿಂದ ಬರೀ ನೀರು ಎಳೆದುಕೊಳ್ಳುವುದಿಲ್ಲ, ನೀರಿನ ಜೊತೆ ಮೊಟ್ಟೆ, ಮರಿ, ಮೀನು ಎಲ್ಲವನ್ನೂ ಎಳೆದುಕೊಳ್ಳುತ್ತೆ. ಒಳಗೆ ಬಂದ ಮೀನಿಗೆ ವಾಪಸ್ ದಾರಿ ಇಲ್ಲ. ನಾಲೆಯಲ್ಲಿ ನೀರು ಇರುವವರೆಗೂ ಬದುಕುತ್ತೆ, ಬೆಳೆಯುತ್ತೆ. ತೂಬು ಮುಚ್ಚಿದ ದಿನ ಸಾಯುತ್ತೆ. ಈಗಂತೂ ಕಟ್ಟು ಪದ್ಧತಿ, ಅಂದರೆ ಇಷ್ಟು ದಿನ ನೀರು ಬಿಡುವುದು, ಇಷ್ಟು ದಿನ ನಿಲ್ಲಿಸುವುದು.

ಬಕೆಟ್ ಹಿಡಿದು ಓಡುತ್ತಿದ್ದ ನಮ್ಮ ಹಬ್ಬ ಇದೇ ಆಗಿತ್ತು. "ಒಳೆ ಮಕ್ಕಳು, ದಾರಿ ತಪ್ಪಿ ಬಂದವೆ" ಅಂತ ತಾತ ಹೇಳಿದ್ದು ಮುದುಕರ ಮಾತಾಗಿರಲಿಲ್ಲ. ನಾನು ಪೋರ್ಟ್‌ಲ್ಯಾಂಡಿನ ರೂಮಲ್ಲಿ ಕೂತು ಇಂಗ್ಲಿಷಿನಲ್ಲಿ ಓದಿ ತಿಳಿದದ್ದನ್ನು ತಾತ ನನಗೆ ಎಂಟು ವರ್ಷವಾಗಿದ್ದಾಗಲೇ ಹೇಳಿದ್ದ.

ವಾಪಸ್ ಬಂದ ಮೇಲೆ ತಾತನನ್ನು ಕೂರಿಸಿಕೊಂಡು ಕೇಳಿದೆ. ತಾತನಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜು, ನೆನಪು ಮಾತ್ರ ಚುರುಕು. ಬಿಳಿಮೀನು ಅಂದರೆ ಅದೇ, ಇಂಗ್ಲಿಷಿನವರ ಮಹಶೀರ್. ತಾತ ಹೇಳಿದ ಪ್ರಕಾರ ಹೊಳೆಯ ಮಡುಗಳಲ್ಲಿ ಅವು ಇರುತ್ತಿದ್ದವು, ಮೊದಲ ನೀರಿಗೆ ಏಳುತ್ತಿದ್ದವು. "ನಾವಿಡೀತಿದ್ದುದ್ಕೆ ಬೆನ್ ಮ್ಯಾಲೆ ಡುಬ್ಬ ಇರೋದು, ರೆಕ್ಕೆ ಬಾಲ ಕೆಂಪಗಿರೋದು. ಆಮ್ಯಾಕೆ ಬಂದ ಬಿಳಿಮೀನು ಬ್ಯಾರೆ. ನೀಲಿ ರೆಕ್ಕೆದು. ಯೆಸ್ರು ಒಂದೇ, ಮೀನು ಬ್ಯಾರೆ" ಅಂದ.

ಇದನ್ನು ಕೇಳಿ ನನಗೆ ಮೈ ಜುಂ ಅಂತು. ಯಾಕೆಂದರೆ ವಿಜ್ಞಾನಿಗಳು ಹೇಳುವುದೂ ಇದನ್ನೇ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಡುಬ್ಬದ ಮಹಶೀರ್, ಕಿತ್ತಳೆ ಬಣ್ಣದ ರೆಕ್ಕೆಯದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದ ಒಬ್ಬರು ಗಾಳದಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕೆ.ಜಿ.! ಇಷ್ಟು ದೊಡ್ಡ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅನ್ನುವುದು ಖಚಿತವಾದದ್ದು 2018ರಲ್ಲಿ. ಟಾರ್ ರೆಮಾದೇವಿಯೈ. ಕೇರಳದ ಪಾಂಬಾರ್ ನದಿಯಲ್ಲಿ (ಅದೂ ಕಾವೇರಿಯ ಬಳಗವೇ) ಮೊದಲು ಗುರುತಿಸಿದ್ದ ಮೀನು ಮತ್ತು ನಮ್ಮ ಡುಬ್ಬದ ಮೀನು ಎರಡೂ ಒಂದೇ ಅಂತ ಆಗ ಗೊತ್ತಾಯಿತು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿ ರೆಮಾದೇವಿಯವರ ಗೌರವಕ್ಕೆ ಇಟ್ಟ ಹೆಸರು. ಅದೇ ವರ್ಷ ಐಯುಸಿಎನ್ ಕೆಂಪುಪಟ್ಟಿಯಲ್ಲಿ "ಅಳಿವಿನ ಅಂಚಿನಲ್ಲಿ, ಅತ್ಯಂತ ಗಂಭೀರ" ಅನ್ನುವ ವರ್ಗಕ್ಕೆ ಸೇರಿತು. ಹೆಸರು ಖಚಿತವಾದ ವರ್ಷವೇ ಅಳಿವಿನ ಪಟ್ಟಿಗೆ!

ಇನ್ನು ಆ ನೀಲಿ ರೆಕ್ಕೆಯದು? ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿ, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕಾವೇರಿಗೆ ತಂದು ಬಿಟ್ಟ ಮಹಶೀರ್. ಬಿಟ್ಟವರ ಉದ್ದೇಶ ಒಳ್ಳೆಯದೇ, ಮಹಶೀರ್ ಉಳಿಯಲಿ ಅಂತ. ಆದರೆ ಎರಡೂ ಒಂದೇ ಅಂತ ತಿಳಿದು ಬಿಟ್ಟರು. ಹೊಸದು ಹೆಚ್ಚಿತು, ಹಳೆಯದು ಕಡಿಮೆಯಾಯಿತು. "ಯೆಸ್ರು ಒಂದೇ, ಮೀನು ಬ್ಯಾರೆ". ಹೊಳೆ ದಂಡೆಯ ಬೆಸ್ತರನ್ನು ಒಂದು ಮಾತು ಕೇಳಿದ್ದರೆ ಸಾಕಾಗಿತ್ತೇನೋ.

ಅಪ್ಪನಿಗೆ ಕಾವೇರಿ ಲೆಕ್ಕ ಬಾಯಿಪಾಠ. ಸುಪ್ರೀಂ ಕೋರ್ಟು 2018ರಲ್ಲಿ ತಮಿಳುನಾಡಿಗೆ ಬಿಡಬೇಕು ಅಂದದ್ದು 177.25 ಟಿಎಂಸಿ ಅಂತ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾನೆ. ಒಂದು ಸಂಜೆ ಜಗಲಿ ಮೇಲೆ ಕೂತಿದ್ದಾಗ ನಾನೂ ಅಪ್ಪನ ದಾರಿಗೇ ಹೋದೆ. "ಅಪ್ಪ, 2007ರ ನ್ಯಾಯಮಂಡಳಿ ತೀರ್ಪಲ್ಲಿ ಒಟ್ಟು ನೀರು 740 ಟಿಎಂಸಿ ತಾನೆ? ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7. ಮಿಕ್ಕಿದ್ದು ಎಷ್ಟು?"

ಅಪ್ಪ ಬೆರಳು ಮಡಚಿ, "ಅದ್ನಾಕು" ಅಂದ.

"ಅದರಲ್ಲಿ 4 ಹೇಗೂ ಸಮುದ್ರ ಸೇರೋದು ಅಂತ ಬಿಟ್ಟಿದ್ದು. 10 ಪರಿಸರಕ್ಕೆ. ಸುಪ್ರೀಂ ಕೋರ್ಟು ನಮ್ಮ ಪಾಲು 284.75 ಮಾಡ್ತು, ಆದ್ರೆ ಈ 10ನ್ನ ಮುಟ್ಟಲಿಲ್ಲ. ಮೀನು, ನೀರುನಾಯಿ, ಮೊಸಳೆ, ಹಕ್ಕಿ, ಹೊಳೆ ದಂಡೆ ಮರ... ಎಲ್ಲಾದಕ್ಕೂ ಸೇರಿ ನೂರಕ್ಕೆ ಒಂದೂವರೆ ಪಾಲೂ ಇಲ್ಲ."

ಅಪ್ಪ ಏನೂ ಹೇಳಲಿಲ್ಲ. ಆದರೆ ಎದ್ದೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮೀನಿನ ಪರವಾಗಿ ಲಾಯರ್ ಯಾರಿದ್ರು?" ಅಂತ ಕೇಳಿದ. ತಮಾಷೆಗೆ ಕೇಳಿದನೋ ನಿಜವಾಗಿ ಕೇಳಿದನೋ ಗೊತ್ತಾಗಲಿಲ್ಲ. ನಾನು ಕೆಲಸದಲ್ಲಿ ದಿನಾ ನೋಡುವುದೂ ಇದನ್ನೇ. ಮೀಟಿಂಗಿಗೆ ಬಾರದವನ ಬೇಡಿಕೆ ಪಟ್ಟಿಯಲ್ಲಿ ಸೇರುವುದಿಲ್ಲ. ಆಮೇಲೆ ಸೇರಿಸಬೇಕೆಂದರೆ ಮೊದಲೇ ಸೇರಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ನಾಲೆ ನಿಲ್ಲಿಸಿದ್ದರು. ನಾನೇ ತಾತನನ್ನು ಕರೆದುಕೊಂಡು ತೂಬಿನ ಹತ್ತಿರ ಹೋದೆ. ಗುಂಡಿಯಲ್ಲಿ ಮೀನು ಒದ್ದಾಡುತ್ತಿದ್ದವು. ಹುಡುಗರು ಆಗಲೇ ಬಂದಿದ್ದರು, ನಮ್ಮ ಹಾಗೇ ಟವೆಲ್ಲು ಹಿಡಿದುಕೊಂಡು. ಅವರನ್ನು ಬೇಡ ಅನ್ನಲು ನನಗೇನು ಹಕ್ಕಿದೆ? ನಾನೂ ಇಳಿದೆ. ಎರಡು ಬಕೆಟ್ ತುಂಬಿತು. ಇವನ್ನು ಹೊಳೆಗೆ ಬಿಟ್ಟು ಬರೋಣ ಅಂತ ನನ್ನ ಯೋಚನೆ.

ತಾತ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬಕೆಟಿಗೆ ಕೈ ಹಾಕಿದ. ಕಣ್ಣು ಕಾಣಿಸದಿದ್ದರೇನು, ಬೆರಳಿಗೆ ಗೊತ್ತು. "ಜಿಲೇಬಿ... ಜಿಲೇಬಿ... ಇದೂ ಜಿಲೇಬಿ..." ಅಂತ ಒಂದೊಂದೇ ಎತ್ತಿ ಪಕ್ಕಕ್ಕೆ ಹಾಕುತ್ತಾ ಹೋದ. ಎರಡು ಬಕೆಟಿನಲ್ಲಿ ಜಿಲೇಬಿ ಅಲ್ಲದ್ದು ಸಿಕ್ಕಿದ್ದು ಹನ್ನೊಂದು. ಏಳೆಂಟು ಸಣ್ಣ ಗೆಂಡೆ, ಒಂದು ಕೊರವ, ಉಳಿದವು ಬಾಳೆಮೀನಿನ ಮರಿ. ಬಿಳಿಮೀನು ಒಂದೂ ಇಲ್ಲ. ಕಪ್ಪಗಿನದೋ ಕೆಂಪಗಿನದೋ ನೀಲಿಯದೋ, ಯಾವುದೂ ಇಲ್ಲ.

ಹಿಂದಿನಿಂದ ಎಕ್ಸೆಲ್ ಸದ್ದು. ಅಪ್ಪ. ಗದ್ದೆಯಿಂದ ಬರುತ್ತಿದ್ದವನು ನಿಲ್ಲಿಸಿ ನೋಡಿದ. ನಾನು ಏನು ಬೈಯುತ್ತಾನೋ ಅಂತ ಕಾಯುತ್ತಿದ್ದೆ. ಅಪ್ಪ ಗಾಡಿಗೆ ಕಟ್ಟಿದ್ದ ಔಷಧಿ ಕ್ಯಾನ್ ಬಿಚ್ಚಿ ಕೆಳಗಿಟ್ಟು, "ಬಕೆಟ್ ಇಲ್ಲಿಡು. ನೀರ್ ಜಾಸ್ತಿ ಆಕು, ದಾರೀಲಿ ಸತ್ತೋಗ್ತವೆ. ಜಿಲೇಬಿ ಸಾರಿಗೆ, ಇವು ಒಳೆಗೆ" ಅಂದ.

ಎಕ್ಸೆಲ್ ಮೇಲೆ ಅಪ್ಪ, ಹಿಂದೆ ನಾನು ಮಡಿಲಲ್ಲಿ ಬಕೆಟ್ ಇಟ್ಟುಕೊಂಡು, ಮೈಲಿಗಟ್ಟಲೆ ಹೋಗಿ ಹೊಳೆಗೆ ಬಿಟ್ಟು ಬಂದೆವು. ಹೊಳೆಯಲ್ಲಿ ಬಂಡೆಗಳ ನಡುವೆ ಮೊಣಕಾಲುದ್ದ ನೀರು. ಎರಡು ದಾರಿಯಲ್ಲೇ ಸತ್ತಿದ್ದವು. ಒಂಬತ್ತು ಹೋದವು. ಬಟ್ಟೆ ಪೂರ್ತಿ ಒದ್ದೆ. ಅಪ್ಪ ವಾಪಸ್ ಬರುವಾಗ ಒಂದೇ ಮಾತು ಹೇಳಿದ: "ನಾಲೆ ಬಾಯಿಗೆ ಒಂದು ಜಾಲರಿ ಆಕಿದ್ರೆ ಆಗಿತ್ತಲ್ವಾ?"

ಹೌದು ಅಪ್ಪ, ಸ್ವಲ್ಪ ಮಟ್ಟಿಗೆ ಆಗುತ್ತಿತ್ತು. ಬೇರೆ ದೇಶಗಳಲ್ಲಿ ನಾಲೆ ಬಾಯಿಗೆ ಮೀನು ತಡೆಯುವ ಜಾಲರಿ ಹಾಕುತ್ತಾರೆ. ಮೊಟ್ಟೆ, ಮರಿ ತಡೆಯುವುದು ಕಷ್ಟ, ಕಸ ಕಟ್ಟಿಕೊಳ್ಳುತ್ತೆ, ಯಾರಾದರೂ ದಿನಾ ತೆಗೀಬೇಕು. ಆದರೆ ಮೂರು ಎಕರೆ ಭತ್ತ, ಕಬ್ಬು ಬೆಳೆಯುವ, ನೀರಿಗಾಗಿ ರಸ್ತೆಯಲ್ಲಿ ಕೂರುವ ಮನುಷ್ಯನ ಬಾಯಲ್ಲಿ ಆ ಪ್ರಶ್ನೆ ಬಂತಲ್ಲ, ನನಗೆ ಅಷ್ಟು ಸಾಕು.

ಒಂಬತ್ತು ಗೆಂಡೆ, ಬಾಳೆ ಮರಿ ಬಿಟ್ಟರೆ ಕಾವೇರಿ ಉಳಿಯುವುದಿಲ್ಲ ಅಂತ ನನಗೂ ಗೊತ್ತು. ಕಟ್ಟೆ ಒಡೆಯಿರಿ ಅಂತ ನಾನು ಹೇಳುತ್ತಿಲ್ಲ, ಅದು ಉಂಡ ಮನೆಯ ಜಂತೆ ಎಣಿಸಿದ ಹಾಗೆ. 130 ಅಡಿಯ ಗೋಡೆಗೆ ಏಣಿ ಇಡುವುದೂ ಸುಲಭವಲ್ಲ, ಸಾಲ್ಮನ್‌ಗೆ ಮಾಡಿದ ಏಣಿ ಬಿಳಿಮೀನಿಗೆ ಆಗಬೇಕೆಂದೂ ಇಲ್ಲ. ನಾನು ಕೇಳುವುದು ಚಿಕ್ಕದು. ಮಳೆ ಚೆನ್ನಾಗಿ ಬಂದ ವರ್ಷವಾದರೂ ಮುಂಗಾರಿನ ಮೊದಲ ನೀರಲ್ಲಿ ಒಂದು ಪಾಲನ್ನು ಆ ಹೊತ್ತಿಗೇ ಹೊಳೆಗೆ ಬಿಡಲಿ. ಒಟ್ಟು ಲೆಕ್ಕದಲ್ಲಿ ಹೆಚ್ಚು ಬೇಡ, ಬಿಡುವ ಹೊತ್ತು ಸರಿಯಿರಲಿ. ಹೇಗೂ ಕೆಳಗೆ ಬಿಡಲೇಬೇಕಾದ ನೀರದು. ಮತ್ತೆ, ದಿನಾ ಕ್ಯೂಸೆಕ್ ಎಣಿಸುವ ನಾವು ವರ್ಷಕ್ಕೊಮ್ಮೆಯಾದರೂ ಮೀನು ಎಣಿಸೋಣ. ಎಣಿಸದೇ ಇರುವುದು ಕಳೆದುಹೋದರೆ ಕಳೆದುಹೋಯಿತು ಅಂತಲೂ ಗೊತ್ತಾಗುವುದಿಲ್ಲ. ನಮ್ಮ ತಾತನಂಥವರ ಬೆರಳಿಗೆ ಗೊತ್ತಿರುತ್ತೆ ಅಷ್ಟೇ, ಅವರೂ ಇನ್ನೆಷ್ಟು ದಿನ?

ಕಟ್ಟೆ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡುತ್ತಾರೆ. ಟಿವಿಯಲ್ಲಿ ಅದು ಬಂದಾಗಲೆಲ್ಲ ತಾತ ಕೇಳುವುದು ಒಂದೇ ಪ್ರಶ್ನೆ, "ಕೆಳಿಕ್ಕೆ ನೀರ್ ಬುಟ್ರಾ?"

ನಿಮ್ಮೂರ ಹೊಳೆಯಲ್ಲಿ ಯಾವ ಮೀನು ಇತ್ತು? ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ. ಹೆಸರು ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ನನಗೂ ತಿಳಿಸಿ. ತಾತನಿಗೆ ಓದಿ ಹೇಳುತ್ತೇನೆ.